ಹಳೆಯ ಲ್ಯಾಪ್‌ಟಾಪ್‌ಗೂ ಬ್ಲೂಟೂತ್ ಬರುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಪರದೆ, ಕೀಬೋರ್ಡ್, ಬ್ಯಾಟರಿ ಎಲ್ಲವೂ ಸರಿಯಿರುವ ಲ್ಯಾಪ್‌ಟಾಪನ್ನು ‘ಬ್ಲೂಟೂತ್ ಇಲ್ಲ’ ಎಂಬ ಒಂದೇ ಕಾರಣಕ್ಕೆ ಮೂಲೆಗೆ ಸರಿಸುವುದು ನಮ್ಮ ಉಡುಪಿ, ಮಣಿಪಾಲ, ಮಂಗಳೂರು ಕಡೆ ಮಾಮೂಲಾಗಿದೆ. ಫೋನಿಗೆಂದು ಕೊಂಡ ಇಯರ್‌ಬಡ್, ಆನ್‌ಲೈನ್ ಪಾಠಕ್ಕೆ ತಂದ ಹೆಡ್‌ಸೆಟ್ ಅದಕ್ಕೆ ಸೇರುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ‘ಹಳೇ ಪೀಸು, ಹೊಸದು ತೆಗೆದುಕೊಳ್ಳಿ’ ಎಂಬ ಉತ್ತರ. ಇದು ದಂಡದ ಖರ್ಚು. ಹೆಬ್ಬೆರಳ ಉಗುರಿನಷ್ಟಿರುವ ಯುಎಸ್‌ಬಿ ಡಾಂಗಲ್ ಒಂದು 500 ರೂಪಾಯಿಯ ಆಸುಪಾಸಿನಲ್ಲಿ ಈ ಕೆಲಸ ಮಾಡುತ್ತದೆ. ಆದರೆ ಸರಿಯಾದದ್ದನ್ನು ಕೊಳ್ಳಬೇಕು, ಸರಿಯಾದ ಪೋರ್ಟಿಗೆ ಹಾಕಬೇಕು. ಹೆಚ್ಚಿನವರು ಎಡವುವುದು ಈ ಎರಡರಲ್ಲೇ.

ಕೊಳ್ಳುವ ಮೊದಲು, ಬ್ಲೂಟೂತ್ ನಿಜವಾಗಿಯೂ ಇಲ್ಲವೇ ಎಂದು ನೋಡಿ. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಪಟ್ಟಿಯಲ್ಲಿ ‘ಬ್ಲೂಟೂತ್’ ಎಂಬ ಸಾಲಿದ್ದರೆ ಯಂತ್ರದಲ್ಲಿ ಅದು ಇದೆ. ಏರೋಪ್ಲೇನ್ ಮೋಡ್ ಅಥವಾ ಕೀಬೋರ್ಡಿನ ವೈರ್‌ಲೆಸ್ ಕೀಲಿಯಿಂದ ಆಫ್ ಆಗಿರಬಹುದು. ಆ ಸಾಲಿಲ್ಲದೆ, ಹಳದಿ ಗುರುತಿನ ‘ಅನ್‌ನೋನ್ ಡಿವೈಸ್’ ಕಂಡರೆ ವಿಂಡೋಸ್ ಹೊಸದಾಗಿ ಹಾಕಿದಾಗ ಡ್ರೈವರ್ (ಆ ಭಾಗವನ್ನು ನಡೆಸುವ ತಂತ್ರಾಂಶ) ಬಿಟ್ಟುಹೋಗಿರುವ ಸಾಧ್ಯತೆ ಇದೆ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಲ್ಲಿ ಅದೇ ಮಾದರಿಯ ಡ್ರೈವರ್ ಹುಡುಕಿ ಹಾಕಿ. ಬಯಾಸ್‌ನಲ್ಲೇ (ವಿಂಡೋಸ್‌ಗೂ ಮೊದಲು ಓಡುವ ಯಂತ್ರದ ಮೂಲ ಸೆಟ್ಟಿಂಗ್) ಬ್ಲೂಟೂತ್ ಆಫ್ ಮಾಡಿಟ್ಟಿರುವುದೂ ಉಂಟು, ಕಚೇರಿಗಳಿಂದ ಸೆಕೆಂಡ್ ಹ್ಯಾಂಡ್ ಬರುವ ಯಂತ್ರಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಇನ್ನೊಂದು ಮಾತು: ಮೌಸ್‌ನ ಹೊಟ್ಟೆಯಲ್ಲೋ ಡಬ್ಬಿಯಲ್ಲೋ ಪುಟ್ಟ ಯುಎಸ್‌ಬಿ ರಿಸೀವರ್ ಸಿಕ್ಕಿದರೆ ಆ ಮೌಸ್‌ಗೆ ಬ್ಲೂಟೂತ್ ಬೇಕಾಗಿಯೇ ಇಲ್ಲ. ರಿಸೀವರ್ ಸಿಕ್ಕಿಸಿದರೆ ಸಾಕು.

ಇಲ್ಲವೆಂದು ಖಚಿತವಾದ ಮೇಲೆ ಕೊಳ್ಳುವ ಪ್ರಶ್ನೆ. ‘ಬ್ಲೂಟೂತ್ ಡಾಂಗಲ್’ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಕಾರಿನ ಸ್ಟೀರಿಯೋಗೆಂದು ಮಾಡಿದ ನೂರಿನ್ನೂರು ರೂಪಾಯಿಯ ‘ಮ್ಯೂಸಿಕ್ ರಿಸೀವರ್’ ಒಂದು. ಅದರ ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ 3.5 ಮಿ.ಮೀ. ಆಡಿಯೋ ಪಿನ್ ಇರುತ್ತದೆ. ಯುಎಸ್‌ಬಿಯಿಂದ ಅದು ಕರೆಂಟ್ ಮಾತ್ರ ಎಳೆಯುತ್ತದೆ. ಫೋನಿನ ಹಾಡನ್ನು ಪಡೆದು ಸ್ಪೀಕರಿಗೆ ಕೊಡುವುದಷ್ಟೇ ಅದರ ಕೆಲಸ. ಲ್ಯಾಪ್‌ಟಾಪಿಗೆ ಹಾಕಿದರೆ ದೀಪ ಉರಿಯುತ್ತದೆ, ಬೇರೇನೂ ಆಗುವುದಿಲ್ಲ. ನಮಗೆ ಬೇಕಾದದ್ದು ‘ಬ್ಲೂಟೂತ್ ಯುಎಸ್‌ಬಿ ಅಡಾಪ್ಟರ್’. ಡಬ್ಬಿಯ ಮೇಲೆ ವಿಂಡೋಸ್ 10, 11 ಎಂಬ ಹೆಸರುಗಳಿವೆಯೇ ನೋಡಿ. ಟಿಪಿ-ಲಿಂಕ್‌ನ ಯುಬಿ400 ಬ್ಲೂಟೂತ್ 4.0, ಯುಬಿ500 ಬ್ಲೂಟೂತ್ 5 ಸರಣಿಯದು, ಇಂಥ ಹೆಸರಿರುವ ಮಾದರಿಯನ್ನೇ ಕೇಳಿ ಪಡೆಯಿರಿ.

ಹೆಸರಿಲ್ಲದ ಅಗ್ಗದ ಡಾಂಗಲ್‌ಗಳಲ್ಲಿ ಸಿಎಸ್‌ಆರ್ 8510 ಎಂಬ ಚಿಪ್‌ನ ನಕಲುಗಳು ಬಹಳ. ವಿಂಡೋಸ್ ಅವನ್ನು ಗುರುತಿಸಿದಂತೆ ತೋರಿಸಿ ಕಡೆಗೆ ‘ಕೋಡ್ 10’ ಎಂಬ ದೋಷ ತೋರಿಸಿ ನಿಂತುಬಿಡುತ್ತದೆ. ಡಬ್ಬಿಯ ಮೇಲೆ 5.0 ಎಂದು ಅಚ್ಚಾಗಿದ್ದು ಒಳಗೆ 4.0 ಇರುವುದೂ ಇದೆ. ಪರೀಕ್ಷಿಸುವ ಬಗೆ ಸುಲಭ: ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಾಪ್ಟರಿನ ‘ಪ್ರಾಪರ್ಟೀಸ್’ಗೆ ಹೋಗಿ ‘ಅಡ್ವಾನ್ಸ್‌ಡ್’ ಪುಟ ತೆರೆದರೆ ‘ಎಲ್‌ಎಂಪಿ’ ಎಂದು ಒಂದು ಅಂಕೆ ಕಾಣುತ್ತದೆ. ಅದು 6ರಿಂದ ಶುರುವಾದರೆ ಬ್ಲೂಟೂತ್ 4.0, 8 ಆದರೆ 4.2, 9 ಆದರೆ 5.0, 12 ಆದರೆ 5.3. ಇಷ್ಟಾಗಿಯೂ ದೊಡ್ಡ ಅಂಕೆಯ ಬೆನ್ನು ಹತ್ತಬೇಕಿಲ್ಲ. 5.0ರಲ್ಲಿ ಹೆಚ್ಚಿದ ವೇಗ ಮತ್ತು ದೂರ ‘ಲೋ ಎನರ್ಜಿ’ ಎಂಬ, ಕಡಿಮೆ ಕರೆಂಟ್ ಬಳಸುವ ಭಾಗಕ್ಕೆ ಸೇರಿದವು. ಸಾಮಾನ್ಯ ಹೆಡ್‌ಫೋನಿನ ಹಾಡು ಹಳೆಯ ‘ಕ್ಲಾಸಿಕ್’ ದಾರಿಯಲ್ಲೇ ಬರುತ್ತದೆ. ಮೌಸ್, ಕೀಬೋರ್ಡ್, ಹೆಡ್‌ಸೆಟ್‌ಗೆ ಒಳ್ಳೆಯ 4.0 ಡಾಂಗಲ್ ಸಾಕು.

ಇನ್ನು ಪೋರ್ಟ್. ಬ್ಲೂಟೂತ್ ಓಡುವುದು 2.402ರಿಂದ 2.480 ಗಿಗಾಹರ್ಟ್ಸ್ ನಡುವೆ. ಯುಎಸ್‌ಬಿ 3.0 ಪೋರ್ಟು ಮತ್ತು ಅದಕ್ಕೆ ಹಾಕಿದ ಹಾರ್ಡ್ ಡಿಸ್ಕ್ ಕೆಲಸ ಮಾಡುವಾಗ ಇದೇ ತರಂಗಪಟ್ಟಿಯಲ್ಲಿ ರೇಡಿಯೋ ಗದ್ದಲ ಹೊರಡುತ್ತದೆ. ಇದನ್ನು ಇಂಟೆಲ್ ಕಂಪನಿ 2012ರಲ್ಲೇ ಅಳೆದು ಪ್ರಕಟಿಸಿದೆ. ಪೆನ್‌ಡ್ರೈವಿಗೆ ಫೈಲ್ ಹೋಗುತ್ತಿರುವಾಗ ಮೌಸ್ ತಡವರಿಸಿದರೆ, ಹಾಡು ತುಂಡು ತುಂಡಾದರೆ ಡಾಂಗಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗೆ ನೀಲಿ ಬಣ್ಣವಿರುವ ಪೋರ್ಟ್ ಸಾಮಾನ್ಯವಾಗಿ 3.0, ಕಪ್ಪು 2.0. ಡಾಂಗಲನ್ನು ಕಪ್ಪಿಗೆ, ಅದರಲ್ಲೂ ಹಾರ್ಡ್ ಡಿಸ್ಕಿನ ಎದುರು ಬದಿಯ ಪೋರ್ಟಿಗೆ ಹಾಕಿ. ಬೇರೆ ಪೋರ್ಟ್ ಇಲ್ಲವಾದರೆ ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ದೂರವಿಡಿ. ಮನೆಯ ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ ಅದೂ ಅಡ್ಡ ಬರುತ್ತದೆ. ರೂಟರ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ 5 ಗಿಗಾಹರ್ಟ್ಸ್ ಇದ್ದರೆ ಅದಕ್ಕೆ ಬದಲಿಸಿ. ಮಲ್ಪೆ, ಉಳ್ಳಾಲದಂತಹ ಕಡಲ ಬದಿಯ ಮನೆಗಳಲ್ಲಿ ಪೋರ್ಟಿನ ಒಳಗಿನ ಕಾಲುಗಳು ಉಪ್ಪುಗಾಳಿಗೆ ಕಿಲುಬು ಹಿಡಿದಿರಬಹುದು. ಡಾಂಗಲ್ ಆಗಾಗ ಮಾಯವಾಗಿ ಮತ್ತೆ ಕಾಣಿಸಿಕೊಂಡರೆ ಯಂತ್ರ ಆಫ್ ಮಾಡಿ, ಸಾಧ್ಯವಾದರೆ ಬ್ಯಾಟರಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಸಣ್ಣ ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ ನೋಡಿ.

ಮೊದಲ ಸಲ ಹಾಕಿದಾಗ ಇಂಟರ್ನೆಟ್ ಚಾಲೂ ಇರಲಿ. ವಿಂಡೋಸ್ 10, 11 ಹೆಚ್ಚಾಗಿ ತಾವೇ ಡ್ರೈವರ್ ಇಳಿಸಿಕೊಳ್ಳುತ್ತವೆ. ಲ್ಯಾಪ್‌ಟಾಪಿನೊಳಗೆ ಹಳೆಯ, ಕುಂಟುವ ಬ್ಲೂಟೂತ್ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದನ್ನು ‘ಡಿಸೇಬಲ್’ ಮಾಡಲೇಬೇಕು, ವಿಂಡೋಸ್ ಏಕಕಾಲಕ್ಕೆ ಎರಡನ್ನು ನಡೆಸುವುದಿಲ್ಲ. ಅಡಾಪ್ಟರಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟ ಇದ್ದರೆ ಕರೆಂಟ್ ಉಳಿಸಲು ಕಂಪ್ಯೂಟರ್ ಈ ಸಾಧನವನ್ನು ಆಫ್ ಮಾಡಬಹುದು ಎಂಬ ಆಯ್ಕೆಯ ಟಿಕ್ ತೆಗೆಯಿರಿ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಮೌಸ್ ನಿದ್ದೆ ಹೋಗುವ ದೂರು ಹೆಚ್ಚಾಗಿ ಇದರಿಂದ ನಿಲ್ಲುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಪುಟ ತೆರೆದು ‘ಆಡ್ ಡಿವೈಸ್’ ಒತ್ತಿ. ಇಯರ್‌ಬಡ್ ಪಟ್ಟಿಯಲ್ಲಿ ಬಾರದಿದ್ದರೆ ಅದು ಪಕ್ಕದಲ್ಲಿರುವ ಫೋನಿಗೆ ಆಗಲೇ ಸೇರಿಕೊಂಡಿರಬಹುದು. ಫೋನಿನ ಬ್ಲೂಟೂತ್ ಆಫ್ ಮಾಡಿ, ಇಯರ್‌ಬಡ್‌ನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿಯಿರಿ. ಕೀಬೋರ್ಡ್ ಆದರೆ ಪರದೆಯ ಮೇಲೆ ಅಂಕೆಗಳು ಬರುತ್ತವೆ. ಅವನ್ನು ಅದೇ ಹೊಸ ಕೀಬೋರ್ಡಿನಲ್ಲಿ ಒತ್ತಿ ಎಂಟರ್ ಹೊಡೆಯಬೇಕು.

ಹೆಡ್‌ಸೆಟ್ ಕೊಂಡವರ ದೊಡ್ಡ ದೂರು ಬೇರೆಯೇ: ‘ಹಾಡು ಚೆನ್ನಾಗಿ ಕೇಳುತ್ತದೆ, ತರಗತಿ ಶುರುವಾದ ಕೂಡಲೇ ದನಿ ಹಳೆಯ ರೇಡಿಯೋದಂತೆ ಆಗುತ್ತದೆ’. ಇದು ಡಾಂಗಲಿನ ದೋಷವಲ್ಲ. ಕ್ಲಾಸಿಕ್ ಬ್ಲೂಟೂತ್‌ನಲ್ಲಿ ಒಳ್ಳೆಯ ಸ್ಟೀರಿಯೋ ದನಿ ಒಂದೇ ದಿಕ್ಕಿನದು. ಹೆಡ್‌ಸೆಟ್ಟಿನ ಮೈಕ್ ತೆರೆದ ಕ್ಷಣ ಸಂಪರ್ಕ ‘ಹ್ಯಾಂಡ್ಸ್-ಫ್ರೀ’ ಕ್ರಮಕ್ಕೆ ಬದಲಾಗಿ 8 ಅಥವಾ 16 ಕಿಲೋಹರ್ಟ್ಸ್‌ನ ಮೊನೋಗೆ (ಒಂದೇ ಚಾನಲ್‌ನ ದನಿ) ಇಳಿಯುತ್ತದೆ. ಪರಿಹಾರಕ್ಕೆ ಖರ್ಚಿಲ್ಲ: ಝೂಮ್ ಅಥವಾ ಮೀಟ್‌ನ ಆಡಿಯೋ ಸೆಟ್ಟಿಂಗಿನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದ್ದನ್ನೂ, ಸ್ಪೀಕರ್ ಆಗಿ ಹೆಡ್‌ಸೆಟ್ಟನ್ನೂ (‘ಸ್ಟೀರಿಯೋ’ ಎಂಬ ಸಾಲು ಬೇರೆ ಇದ್ದರೆ ಅದನ್ನೇ) ಆರಿಸಿ. ಬ್ಲೂಟೂತ್ ದನಿ ಕಾಲು ಸೆಕೆಂಡಿನವರೆಗೂ ತಡವಾಗಿ ಬರಬಹುದು ಎಂಬುದನ್ನೂ ತಿಳಿದಿರಿ. ಯಕ್ಷಗಾನದ ವಿಡಿಯೋದಲ್ಲಿ ವೇಷದ ಹೆಜ್ಜೆಗೂ ಚೆಂಡೆಯ ಪೆಟ್ಟಿಗೂ ತಾಳ ತಪ್ಪಿದಂತೆ ಕಂಡರೆ ಕಾರಣ ಇದೇ. ವಿಎಲ್‌ಸಿ ಪ್ಲೇಯರಿನಲ್ಲಿ ‘ಜೆ’ ಮತ್ತು ‘ಕೆ’ ಕೀಲಿಗಳಿಂದ ದನಿಯನ್ನು ಹಿಂದೆಮುಂದೆ ಸರಿಸಬಹುದು. ಸಂಗೀತ ರೆಕಾರ್ಡ್ ಮಾಡುವವರು ವಯರ್ ಬಿಡಬಾರದು.

ವಿಂಡೋಸ್ 7 ಇನ್ನೂ ಇಟ್ಟುಕೊಂಡಿರುವವರಿಗೆ ಕಷ್ಟ ಹೆಚ್ಚು. ಅದರೊಳಗಿನ ಬ್ಲೂಟೂತ್ ವ್ಯವಸ್ಥೆಗೆ ಲೋ ಎನರ್ಜಿ ಗೊತ್ತಿಲ್ಲ. ಹಾಗಾಗಿ ಈಗಿನ ಅನೇಕ ಮೌಸ್‌ಗಳು ಸೇರುವುದಿಲ್ಲ, ಹೆಡ್‌ಫೋನಿಗೂ ಡಾಂಗಲ್ ಕಂಪನಿಯ ಡ್ರೈವರ್ ಬೇಕು. ಅದಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ, ಬದಲಿಸುವುದೇ ಸರಿ.

ಪೋರ್ಟ್ ಖಾಲಿಯಿಲ್ಲದವರು ಒಳಗಿನ ವೈಫೈ ಕಾರ್ಡನ್ನೇ ಬ್ಲೂಟೂತ್ ಸಹಿತದ ಕಾರ್ಡಿಗೆ ಬದಲಿಸಬಹುದು. ಆದರೆ ಕೈ ಪಳಗಿದವರಿಂದ ಮಾಡಿಸಿ. ಹಳೆಯ ಯಂತ್ರಗಳಲ್ಲಿ ಅರ್ಧ ಉದ್ದದ ಮಿನಿ ಪಿಸಿಐಇ ಕಾರ್ಡ್ (ಇಂಟೆಲ್ 7260ರ ಒಂದು ರೂಪ ಇಂಥದ್ದು), ನಂತರದವುಗಳಲ್ಲಿ 22×30 ಮಿ.ಮೀ.ನ ಎಂ.2 ಕಾರ್ಡ್. ಇವೆರಡರ ಆಂಟೆನಾ ವಯರ್‌ಗಳ ತುದಿಯ ಅಳತೆಯೂ ಬೇರೆ. ಕಾರ್ಡಿನ ಬ್ಲೂಟೂತ್ ಭಾಗ ಸ್ಲಾಟಿನ ಯುಎಸ್‌ಬಿ ಗೆರೆಗಳ ಮೂಲಕ ನಡೆಯುತ್ತದೆ; ಕೆಲವು ಮದರ್‌ಬೋರ್ಡ್‌ಗಳಲ್ಲಿ ಆ ಗೆರೆಗಳನ್ನೇ ಕೊಟ್ಟಿರುವುದಿಲ್ಲ, ಆಗ ವೈಫೈ ಬಂದು ಬ್ಲೂಟೂತ್ ಬರುವುದಿಲ್ಲ. ಎಚ್‌ಪಿ, ಲೆನೊವೊದ ಕೆಲವು ಹಳೆಯ ಮಾದರಿಗಳು ತಮ್ಮ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗುವುದೇ ಇಲ್ಲ. ಎಂ.2 ಕೊಳ್ಳುವಾಗ ಇಂಟೆಲ್ ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಒಂದೇ ತರಹ. 201 ಅದಕ್ಕೆಂದೇ ಮಾಡಿದ ಹೊಸ ಇಂಟೆಲ್ ಬೋರ್ಡ್‌ಗಳಲ್ಲಿ ಮಾತ್ರ ನಡೆಯುತ್ತದೆ. ಇಷ್ಟೆಲ್ಲ ತೊಡಕಿರುವುದರಿಂದ ಹತ್ತರಲ್ಲಿ ಒಂಬತ್ತು ಮಂದಿಗೆ ಡಾಂಗಲ್ಲೇ ಸಾಕೆಂಬುದು ನಮ್ಮ ಅಭಿಪ್ರಾಯ.

ಜಿಲ್ಲೆಯ ಕಂಪ್ಯೂಟರ್ ಮತ್ತು ಮೊಬೈಲ್ ಅಂಗಡಿಯವರಲ್ಲಿ ಒಂದು ವಿನಂತಿ. ಕಾರಿನ ರಿಸೀವರ್‌ಗಳನ್ನೂ ಲ್ಯಾಪ್‌ಟಾಪಿನ ಅಡಾಪ್ಟರ್‌ಗಳನ್ನೂ ಒಂದೇ ಕೊಂಡಿಗೆ ತೂಗುಹಾಕಬೇಡಿ. ಬಿಲ್ಲಿನಲ್ಲಿ ಬರೀ ‘ಬ್ಲೂಟೂತ್’ ಎನ್ನದೆ ‘ಯುಎಸ್‌ಬಿ ಅಡಾಪ್ಟರ್’ ಎಂದು ಮಾದರಿಯ ಹೆಸರು, ಆವೃತ್ತಿ ಸಹಿತ ಬರೆದುಕೊಡಿ. ಎಲ್‌ಎಂಪಿ ಅಂಕೆ ಬೇರೆ ಬಂದಾಗ ಗ್ರಾಹಕರು ಅದನ್ನು ಹಿಡಿದುಕೊಂಡು ನಿಮ್ಮಲ್ಲಿಗೇ ಬರಬಹುದು, ನೀವೂ ಸಗಟು ಮಾರಾಟಗಾರರಿಗೆ ಮರಳಿಸಬಹುದು.

– ಲ್ಯಾಪ್‌ಟಾಪ್ ದುರಸ್ತಿ ವೃತ್ತಿಯ ಕೆಲವರು, ಉಡುಪಿ