ಮೊಬೈಲ್ ಉಪವಾಸಕ್ಕೆ ಮೊಬೈಲ್‌ನಲ್ಲೇ ಸಾಕ್ಷಿ: ಉಪನಿರ್ದೇಶಕರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,
ಹಾಸನ

ಮಾನ್ಯರೇ,

ನಾನು ಜಿಲ್ಲೆಯ ಮಲೆನಾಡು ಭಾಗದ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವವಳು. ಮಗಳು ಕ್ರೈಸ್ತ ಸಂಸ್ಥೆಯೊಂದು ನಡೆಸುವ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದಾಳೆ. ಶಾಲೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಾರನೆಯ ದಿನ ಬೆಂಚಿನ ಮೇಲೆ ನಿಲ್ಲಬೇಕಾದವಳು ನಾನಲ್ಲ, ಅವಳು. ತಾಲ್ಲೂಕಿನ ಕಚೇರಿಗೆ ಕೊಟ್ಟ ಅರ್ಜಿಯಲ್ಲಿ ಹೆಸರಿದೆ. 'ಪರಿಶೀಲಿಸಲಾಗುವುದು' ಎಂದು ಹಿಂಬರಹ ಬಂದ ಮೇಲೆ ಒಂದು ಮಳೆಗಾಲವೇ ಕಳೆದುಹೋಯಿತು.

ನಾನು ಕೇಳುವುದು ಇಷ್ಟೇ. ಹೋಂವರ್ಕನ್ನು ಕೊನೆಯ ಗಂಟೆ ಬಾರಿಸುವ ಮೊದಲು ಡೈರಿಯಲ್ಲಿ ಬರೆಸಿ ಕಳುಹಿಸಬೇಕು, ಮೊಬೈಲ್‌ಗೆ ಹಾಕಬಾರದು ಎಂದು ಜಿಲ್ಲೆಯ ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ ಹೊರಡಿಸಿ.

ಇದು ಕೊರೊನಾ ಕಾಲದಲ್ಲಿ ಶುರುವಾದದ್ದು. ಆಗ ಬೇರೆ ದಾರಿಯಿರಲಿಲ್ಲ, ದೊಡ್ಡ ಮಗನಿಗಾಗಿ ಸಾಲ ಮಾಡಿ ಫೋನ್ ತಂದೆವು. ಶಾಲೆ ತೆರೆಯಿತು, ಮಾಸ್ಕ್ ಹೋಯಿತು, ವಾಟ್ಸ್ಆ್ಯಪ್ ಗುಂಪು ಮಾತ್ರ ಹೋಗಲಿಲ್ಲ. ಈಗ ಅದರ ಜೊತೆಗೆ ಶಾಲೆಯದೇ ಒಂದು ಆ್ಯಪ್ ಕೂಡ ಇದೆ. ರಾತ್ರಿ ಎಂಟರ ಸುಮಾರಿಗೆ ಹೋಂವರ್ಕ್ ಬರುತ್ತದೆ. ನಮ್ಮ ಮನೆಯೊಳಗೆ ಸಿಗ್ನಲ್ ಸಿಗುವುದಿಲ್ಲ. ತೋಟದ ಮೇಲಿನ ತಿರುವಿಗೆ ಹೋಗಿ ನಿಲ್ಲಬೇಕು. ಆನೆಗಳು ತೋಟಕ್ಕೆ ಇಳಿಯುವುದೂ ಅದೇ ಹೊತ್ತಿಗೆ. ಕತ್ತಲಾದ ಮೇಲೆ ಹೊರಗೆ ಓಡಾಡಬೇಡಿ ಎಂದು ಅರಣ್ಯ ಇಲಾಖೆಯವರು ಹೇಳುತ್ತಾರೆ, ನಾಳೆ ಬೆಳಿಗ್ಗೆಯೊಳಗೆ ವಿಡಿಯೊ ಕಳುಹಿಸಿ ಎಂದು ಟೀಚರ್ ಹೇಳುತ್ತಾರೆ. ನಾವು ಯಾವ ಇಲಾಖೆಯ ಮಾತು ಕೇಳಬೇಕು? ಆಷಾಢದಲ್ಲಿ ಕರೆಂಟು ಹೋದರೆ ಟವರೂ ಸಾಯುತ್ತದೆ. ಇಂಬಳ ಕಚ್ಚಿಸಿಕೊಂಡು ಮೇಲೆ ಹೋದರೂ ಒಂದು ಗೆರೆಯೂ ಬರುವುದಿಲ್ಲ. ಮನೆಯಲ್ಲಿರುವುದು ಒಂದೇ ಫೋನ್, ಅದು ಲಾರಿ ಓಡಿಸುವ ನನ್ನ ಯಜಮಾನರ ಕೈಯಲ್ಲಿ ಇರುತ್ತದೆ. ಅವರು ಮಂಗಳೂರಿಗೆ ಹೋದ ದಿನ ಮಗಳ ಹೋಂವರ್ಕೂ ಮಂಗಳೂರಿಗೇ ಹೋಗಿರುತ್ತದೆ.

ಇಷ್ಟನ್ನೂ ಸಹಿಸಿಕೊಂಡಿದ್ದೆ. ಪತ್ರ ಬರೆಸಿದ್ದು ಈ ವರ್ಷದ ತಪಸ್ಸು ಕಾಲ, ಈಸ್ಟರ್‌ಗೆ ಮೊದಲು ಕ್ರೈಸ್ತರು ಉಪವಾಸ, ತ್ಯಾಗ ಮಾಡುವ ನಲವತ್ತು ದಿನ.

ಅದು ಶುರುವಾಗುವ ಬೂದಿ ಬುಧವಾರ, ಫೆಬ್ರವರಿ 18ರಿಂದ ಎಲ್ಲ ಮಕ್ಕಳಿಗೂ 'ಮೊಬೈಲ್ ಉಪವಾಸ' ಎಂದು ಶಾಲೆ ಘೋಷಿಸಿತು. ಸಂತೋಷಪಟ್ಟೆ. ತಪಸ್ಸು ಕಾಲವೆಂದರೆ ಮೊಬೈಲ್ ಬಿಟ್ಟು ಬೈಬಲಿನ ಶುಭಸಂದೇಶದ ಕಡೆಗೆ ತಿರುಗುವ ಸಮಯ ಎಂದು ಪೋಪ್ ಫ್ರಾನ್ಸಿಸ್ 2020ರ ಬೂದಿ ಬುಧವಾರ ಹೇಳಿದ್ದರಲ್ಲ, ಕೊನೆಗೂ ನಮ್ಮ ಶಾಲೆಗೆ ಕೇಳಿಸಿತು ಅಂದುಕೊಂಡೆ. ಮರುದಿನ ನಿಯಮ ಬಂತು, ಮೊಬೈಲ್‌ನಲ್ಲೇ. ಮೊಬೈಲ್ ಮುಟ್ಟದೆ ಇದ್ದುದಕ್ಕೆ ಸಾಕ್ಷಿಯಾಗಿ ಪ್ರತಿ ರಾತ್ರಿ ಮಗು ಪುಸ್ತಕವನ್ನೋ ಜಪಸರವನ್ನೋ ಹಿಡಿದ ಫೋಟೊ ತೆಗೆದು ಆ್ಯಪ್‌ಗೆ ಹಾಕಬೇಕು. ಹಾಕಿದವರಿಗೆ ನಕ್ಷತ್ರ.

ನನ್ನ ಮಗಳು ಮೊಬೈಲ್ ಮುಟ್ಟಲೇ ಇಲ್ಲ, ಮುಟ್ಟಲು ಅದು ಮನೆಯಲ್ಲಿರಲಿಲ್ಲ. ಆದ್ದರಿಂದಲೇ ಅವಳಿಗೆ ಒಂದು ನಕ್ಷತ್ರವೂ ಸಿಗಲಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ನಕ್ಷತ್ರವಿಲ್ಲದವರನ್ನೆಲ್ಲ ಒಂದು ಬದಿಗೆ ನಿಲ್ಲಿಸಿ, ತ್ಯಾಗ ಮಾಡಲು ಬಾರದ ಮಕ್ಕಳು ಎಂದರು. ಅವಳ ಪಕ್ಕದಲ್ಲಿ ನಿಂತಿದ್ದವಳು ಅವಳ ಗೆಳತಿ, ಮುಸ್ಲಿಂ ಹುಡುಗಿ. ರಂಜಾನ್ ಕೂಡ ಅದೇ ವಾರ ಶುರುವಾಗಿತ್ತು. ಬೆಳಗಿನಿಂದ ನೀರೂ ಕುಡಿಯದೆ ರೋಜಾ ಹಿಡಿದಿದ್ದ ಆ ಮಗುವಿಗೂ ತ್ಯಾಗ ಬರುವುದಿಲ್ಲವಂತೆ!

ಬೂದಿ ಬುಧವಾರ ಚರ್ಚಿನ ಬಲಿಪೂಜೆಯಲ್ಲಿ ಪ್ರತಿ ವರ್ಷ ಓದುವುದು ಬೈಬಲಿನ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ. ಉಪವಾಸ ಮಾಡುವಾಗ ಮುಖ ತೊಳೆದುಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಜನರಿಗೆ ತಿಳಿಯದಂತೆ ಮಾಡು ಎಂದು ಯೇಸುಸ್ವಾಮಿ ಹೇಳಿದ್ದು ಅಲ್ಲೇ. ಅಪ್‌ಲೋಡ್ ಮಾಡು ಎಂದು ಹೇಳಿಲ್ಲ. ಇದು ನಿಮ್ಮ ವ್ಯಾಪ್ತಿಗೆ ಬರುವ ವಿಷಯವಲ್ಲ, ಬಲ್ಲೆ. ತರಗತಿಯ ಗೋಡೆಯಲ್ಲಿ ಕಾರ್ಲೊ ಅಕುಟಿಸ್‌ನ ಚಿತ್ರವಿದೆ, 2025ರ ಸೆಪ್ಟೆಂಬರ್‌ನಲ್ಲಿ ಸಂತನೆಂದು ಘೋಷಿತನಾದ ಕಂಪ್ಯೂಟರ್ ಹುಡುಗ. ಅವನು ವಿಡಿಯೊ ಗೇಮ್‌ಗೆ ವಾರಕ್ಕೆ ಒಂದೇ ಗಂಟೆ ಎಂದು ಮಿತಿ ಹಾಕಿಕೊಂಡಿದ್ದನೆಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ವಾರಕ್ಕೆ ಒಂದು ಗಂಟೆಯಲ್ಲಿ ನಮ್ಮ ಶಾಲೆಯ ಗುಂಪಿನ ಸಂದೇಶಗಳನ್ನು ಓದಿ ಮುಗಿಸಲೂ ಆಗುವುದಿಲ್ಲ.

ನಿಮ್ಮ ವ್ಯಾಪ್ತಿಗೆ ಬರುವುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೊರೊನಾ ಕಾಲದಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಪಾಠಕ್ಕೆಂದು ಹೊರಡಿಸಿದ ಪ್ರಜ್ಞಾತಾ ಮಾರ್ಗಸೂಚಿಯಲ್ಲೇ ಎಂಟನೇ ತರಗತಿಯವರೆಗೆ ಆನ್‌ಲೈನ್ ಪಾಠ ದಿನಕ್ಕೆ ಎರಡು ಅವಧಿ ಮೀರಬಾರದು ಎಂದಿತ್ತು. ವಾಟ್ಸ್ಆ್ಯಪ್ ಕಂಪನಿಯೇ 13 ವರ್ಷ ತುಂಬದವರು ತಾವಾಗಿಯೇ ಖಾತೆ ತೆರೆಯಬಾರದು ಎನ್ನುತ್ತದೆ. ನಮ್ಮ ಐದನೇ ತರಗತಿಯ ಗುಂಪಿನಲ್ಲಿ ಮಕ್ಕಳೇ ಮಕ್ಕಳಿಗೆ ಉತ್ತರ ಕೊಡುತ್ತಿದ್ದಾರೆ. ಇಷ್ಟೆಲ್ಲ ಕೇಳಿದರೆ ಶಾಲೆಯವರದು ಒಂದೇ ಉತ್ತರ: ನಮ್ಮದು ಅಲ್ಪಸಂಖ್ಯಾತ ಸಂಸ್ಥೆ. ತಾಲ್ಲೂಕಿನ ಕಚೇರಿಯಲ್ಲೂ ಅದನ್ನೇ ಹೇಳಿದರು. ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ಕಟ್ಟಿ ಆಡಳಿತ ನಡೆಸುವ ಹಕ್ಕು ಕೊಡುವ ಸಂವಿಧಾನದ 30ನೇ ವಿಧಿಯ ಬೆಲೆ ನನಗೂ ಗೊತ್ತು, ನಾನೂ ಕ್ರೈಸ್ತಳೇ. ನಮ್ಮ ತೋಟದ ಲೈನ್‌ಮನೆಗಳ ಮಕ್ಕಳನ್ನು ಕರೆದು ಕೂರಿಸಿ ಅಕ್ಷರ ಕಲಿಸಿದವರು ಸಿಸ್ಟರ್‌ಗಳು, ಆ ಮಕ್ಕಳಲ್ಲಿ ನಾನೂ ಒಬ್ಬಳು. ಅವರ ಕೈಯಲ್ಲಿದ್ದದ್ದು ಸೀಮೆಸುಣ್ಣ ಮಾತ್ರ. ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ, ಕೇರಳ ಶಿಕ್ಷಣ ಮಸೂದೆಯ ವಿಚಾರದಲ್ಲಿ ಹೇಳಿದೆ. ಹೋಂವರ್ಕನ್ನು ಡೈರಿಯಲ್ಲಿ ಬರೆಸಿದರೆ ಯಾವ ಅಲ್ಪಸಂಖ್ಯಾತರ ಯಾವ ಹಕ್ಕು ಹೋಗುತ್ತದೆ?

ಆದ್ದರಿಂದ ಮತ್ತೆ ಕೇಳುತ್ತೇನೆ, ಸುತ್ತೋಲೆ ಹೊರಡಿಸಿ. ಹೋಂವರ್ಕ್ ಡೈರಿಯಲ್ಲಿ ಇರಲಿ. ಮಕ್ಕಳ ಫೋಟೊ, ವಿಡಿಯೊ ಕೇಳುವುದು ನಿಲ್ಲಲಿ. ಫೋನ್ ಇಲ್ಲದ ಕಾರಣಕ್ಕೆ ಯಾವ ಮಗುವನ್ನೂ ಬದಿಗೆ ನಿಲ್ಲಿಸಬಾರದು. ಕಂಪ್ಯೂಟರ್ ಕಲಿಸುವುದಿದ್ದರೆ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ, ಶಾಲೆಯ ಹೊತ್ತಿನಲ್ಲಿ ಕಲಿಸಲಿ. ಅದಕ್ಕೆಂದು ಶುಲ್ಕವನ್ನೂ ಕಟ್ಟಿದ್ದೇವೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲೇ ಈ ಸುತ್ತೋಲೆ ಬರಲಿ, ಶಾಲೆಯ ಸೂಚನಾ ಫಲಕಕ್ಕೆ ಅಂಟಿಸುವಂತೆ ಅದರಲ್ಲೇ ಬರೆಯಿರಿ.

ನನಗೆ ಉತ್ತರ ಕೊಡುವುದಿದ್ದರೆ ಅಂಚೆಯಲ್ಲಿ ಕಳುಹಿಸಿ. ವಿಳಾಸ ಅರ್ಜಿಯಲ್ಲಿದೆ. ವಾಟ್ಸ್ಆ್ಯಪ್ ಮಾಡಿದರೆ ಯಜಮಾನರು ಮಂಗಳೂರಿನಿಂದ ಬರುವವರೆಗೆ ನನಗೆ ಸಿಗುವುದಿಲ್ಲ.

ಇಂತಿ,
ಐದನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ