ಸಿಮ್ಯುಲೇಟರ್ ಸಾಧನಗಳು: ಬೆಲೆಪಟ್ಟಿಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಮನೆಯಲ್ಲಿಯೇ ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಅಣಕು ವ್ಯವಸ್ಥೆ) ಕಟ್ಟಿಕೊಳ್ಳುವುದರ ಬಗ್ಗೆ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇತ್ತೀಚೆಗೆ ಬಂದ ಲೇಖನವನ್ನು ಓದಿ ಸಂತೋಷವಾಯಿತು. ಕನ್ನಡ ಪತ್ರಿಕೆಗಳಲ್ಲಿ ಈ ಹವ್ಯಾಸಕ್ಕೆ ಜಾಗ ಸಿಗುವುದು ಅಪರೂಪ. ಆದರೆ ಲೇಖನವು ಯೋಕ್ (ವಿಮಾನದ ಚುಕ್ಕಾಣಿ), ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ), ರಡ್ಡರ್ ಪೆಡಲ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕಕ್ಕೆ ಕಾಲಿನ ಪೆಡಲ್) ಎಂಬ ಕ್ರಮದಲ್ಲಿ ಕೊಳ್ಳಬೇಕಾದ ಸಾಧನಗಳ ಹೆಸರನ್ನೂ ಬೆಲೆಯನ್ನೂ ಕೊಟ್ಟು ಅಲ್ಲಿಗೇ ನಿಂತುಬಿಟ್ಟಿದೆ. ಆ ಕ್ರಮದ ಬಗ್ಗೆ ನನ್ನ ಆಕ್ಷೇಪವಿದೆ. ಅದಕ್ಕಿಂತ ಹೆಚ್ಚಾಗಿ, ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿದ ಮೇಲೆ ಮಾಡಬೇಕಾದ ಹೊಂದಾಣಿಕೆಯ ಕುರಿತು ಒಂದು ಮಾತೂ ಇಲ್ಲದಿರುವುದು ದೊಡ್ಡ ಕೊರತೆ ಎನಿಸಿತು. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ನನ್ನ ಬಳಿಗೆ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ‘ಕೆಟ್ಟಿದೆ’ ಎಂದು ತರುವ ಜಾಯ್‌ಸ್ಟಿಕ್‌ಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಯಾರೂ ಅವನ್ನು ಹೊಂದಿಸಿರುವುದಿಲ್ಲ, ಅಷ್ಟೆ.

ಮೊದಲು ಕೊಳ್ಳುವ ಕ್ರಮದ ವಿಚಾರ. ಸೆಸ್ನಾ 172ರಂತಹ ಒಂದೇ ಎಂಜಿನ್ನಿನ ವಿಮಾನ ಪೂರ್ಣ ಶಕ್ತಿಯಲ್ಲಿ ರನ್‌ವೇ ಮೇಲೆ ಓಡತೊಡಗಿದಾಗ ಅದರ ಮೂತಿ ಎಡಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ಸುರುಳಿಯಾಗಿ ಸುತ್ತಿ ಬಂದು ಬಾಲದ ರೆಕ್ಕೆಯ ಎಡಬದಿಗೆ ಬಡಿಯುವುದು, ಎಂಜಿನ್ನಿನ ತಿರುಗುಬಲ, ಮೂತಿ ಮೇಲೆತ್ತಿದಾಗ ಬಲಬದಿಯಲ್ಲಿ ಕೆಳಗಿಳಿಯುವ ಅಲಗು ಹೆಚ್ಚು ಎಳೆತ ಕೊಡುವುದು, ಇವೆಲ್ಲ ಸೇರಿ ಹಾಗಾಗುತ್ತದೆ. ಅದನ್ನು ತಡೆಯುವುದು ಬಲಗಾಲಿನ ಕೆಲಸ. ಪೆಡಲ್ ಇಲ್ಲದವರಿಗೆಂದು ಸಿಮ್ಯುಲೇಟರ್‌ಗಳಲ್ಲಿ ರಡ್ಡರನ್ನು ತಾನೇ ತಿರುಗಿಸುವ ಆಟೊ ರಡ್ಡರ್ ಎಂಬ ನೆರವಿದೆ. ದುಬಾರಿ ಯೋಕ್ ಕೊಂಡು ಈ ನೆರವಿನ ಮೇಲೆಯೇ ಹಾರಾಡುವವರು ಕಾಲುಗಳಿಗೆ ವಿಮಾನದಲ್ಲಿ ಕೆಲಸವಿದೆ ಎಂಬುದನ್ನೇ ಕಲಿಯುವುದಿಲ್ಲ. ಅಡ್ಡಗಾಳಿಯಲ್ಲಿ ಇಳಿಸುವ ಹೊತ್ತು ಬಂದಾಗ ಯೋಕನ್ನು ಬೈಯುತ್ತಾರೆ. ಆದ್ದರಿಂದ ಹಿಡಿಯನ್ನು ತಿರುಚಿದರೆ ರಡ್ಡರ್ ತಿರುಗುವಂತಹ ಒಂದು ಸಾಧಾರಣ ಜಾಯ್‌ಸ್ಟಿಕ್‌ನಿಂದ (ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಬಹುಕಾಲದಿಂದ ಬಳಕೆಯಲ್ಲಿರುವ ಉದಾಹರಣೆ) ಆರಂಭಿಸಿ, ಎರಡನೆಯದಾಗಿ ಪೆಡಲ್, ಆಮೇಲೆ ಥ್ರಾಟಲ್, ಕೊನೆಯಲ್ಲಿ ಯೋಕ್ ಎಂದು ಸಾಗುವುದು ಸೂಕ್ತ. ಯೋಕ್ ಮೇಜಿನ ಮೇಲೆ ಎದ್ದು ಕಾಣುತ್ತದೆ, ಪೆಡಲ್ ಮೇಜಿನ ಕೆಳಗೆ ಮರೆಯಾಗಿರುತ್ತದೆ. ಮೊದಲು ಯೋಕ್ ಮಾರಾಟವಾಗಲು ಇದಕ್ಕಿಂತ ಹೆಚ್ಚಿನ ಕಾರಣ ನನಗೆ ಕಾಣುವುದಿಲ್ಲ.

ತೆರೆಯ ಮೇಲಿನ ದೃಶ್ಯಕ್ಕಿಂತ ಕೈಕಾಲುಗಳಿಗೆ ಸಿಗುವ ಹತೋಟಿಯೇ ಇಲ್ಲಿ ಮುಖ್ಯ ಎಂಬುದಕ್ಕೆ ಈ ಯಂತ್ರಗಳ ಇತಿಹಾಸವೇ ಸಾಕ್ಷಿ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದ ತರಬೇತಿ ಯಂತ್ರದಲ್ಲಿ ತೆರೆ ಎಂಬುದೇ ಇರಲಿಲ್ಲ. ಅವರ ತಂದೆಯದು ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಲ್ಲಿರುವಂತಹ ತಿದಿಗಳಿಂದ ಆ ಪುಟ್ಟ ವಿಮಾನವನ್ನು ಓಲಾಡಿಸಿದರು. ಮುಚ್ಚಿದ ಗೂಡಿನೊಳಗೆ ಸ್ಟಿಕ್, ಪೆಡಲ್ ಮತ್ತು ಉಪಕರಣಗಳ ಮುಖಗಳನ್ನಷ್ಟೇ ನಂಬಿ ಪೈಲಟ್‌ಗಳು ಮೋಡದಲ್ಲಿ ಹಾರುವುದನ್ನು ಕಲಿತರು.

ಇನ್ನು ಜೋಡಣೆ. ಮೈಕ್ರೊಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಗಲಿ, ಎಕ್ಸ್-ಪ್ಲೇನ್ ಆಗಲಿ, ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್ ಆಗಲಿ, ಸಾಧನದ ಪ್ರತಿಯೊಂದು ಚಲನೆಯನ್ನೂ ಒಂದು ಅಕ್ಷವೆಂದು ಪರಿಗಣಿಸಿ ಅದಕ್ಕೆ ಒಂದು ಕೆಲಸ ಒಪ್ಪಿಸುತ್ತದೆ. ತೊಡಕು ಶುರುವಾಗುವುದು ಎರಡನೆಯ ಸಾಧನ ಬಂದಾಗ. ಜಾಯ್‌ಸ್ಟಿಕ್‌ನ ತಿರುಚುವ ಹಿಡಿಯೂ ಹೊಸ ಪೆಡಲ್ಲೂ ರಡ್ಡರ್‌ಗೇ ಅಂಟಿಕೊಂಡಿದ್ದರೆ ವಿಮಾನ ಇಬ್ಬರು ಯಜಮಾನರ ಮಾತು ಕೇಳುತ್ತ ಅತ್ತಿತ್ತ ಹೊಯ್ದಾಡುತ್ತದೆ. ಹೊಸದನ್ನು ಜೋಡಿಸಿದ ಕೂಡಲೇ ಹಳೆಯದರಲ್ಲಿ ಆ ಅಕ್ಷವನ್ನು ಅಳಿಸಬೇಕು, ಆಟೊ ರಡ್ಡರನ್ನೂ ಆರಿಸಬೇಕು. ಪೆಡಲ್‌ಗಳ ತುದಿಯಲ್ಲಿರುವ ಬ್ರೇಕುಗಳದ್ದು ಇನ್ನೊಂದು ಬಗೆ: ಅನೇಕ ಪೆಡಲ್‌ಗಳಲ್ಲಿ ಆ ಅಕ್ಷವನ್ನು ತಿರುವುಮುರುವು ಮಾಡದಿದ್ದರೆ ಕಾಲು ತೆಗೆದಾಗ ಬ್ರೇಕ್ ಹಿಡಿದು, ಒತ್ತಿದಾಗ ಬಿಡುತ್ತದೆ. ಥ್ರಾಟಲ್ ಪೂರ್ತಿ ತಳ್ಳಿದರೂ ವಿಮಾನ ಕದಲುವುದಿಲ್ಲವೆಂಬ ದೂರಿಗೆ ಎಷ್ಟೋ ಬಾರಿ ಇದೇ ಕಾರಣ; ರಿವರ್ಸ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಮುಗಿಯಿತು. ನಡುಹಾದಿಯಲ್ಲಿ ಸಾಧನ ಸ್ತಬ್ಧವಾದರೆ, ವಿದ್ಯುತ್ ಉಳಿಸಲೆಂದು ವಿಂಡೋಸ್ ಯುಎಸ್‌ಬಿ ಕಿಂಡಿಯನ್ನು ಮಲಗಿಸುವ ಆಯ್ಕೆಯನ್ನು ತೆಗೆದುಹಾಕಿ ನೋಡಬೇಕು.

ಹೆಚ್ಚು ತಾಳ್ಮೆ ಬೇಡುವುದು ಸೂಕ್ಷ್ಮತೆಯ ಹೊಂದಾಣಿಕೆ. ಮೊದಲು ವಿಂಡೋಸ್‌ನ ಗೇಮ್ ಕಂಟ್ರೋಲರ್ ಪುಟದಲ್ಲಿ ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ಒಯ್ದು ಕ್ಯಾಲಿಬ್ರೇಟ್ ಮಾಡಬೇಕು. ಆಮೇಲೆ ಕೈಬಿಟ್ಟು ನೋಡಿದಾಗ ನಡುವಿನ ಗುರುತು ತಾನಾಗಿ ನಡುಗುತ್ತಿದ್ದರೆ ಮಾತ್ರ, ಆ ನಡುಕವನ್ನು ನುಂಗುವಷ್ಟೇ ಡೆಡ್‌ಜೋನ್ (ಸಣ್ಣ ಚಲನೆಯನ್ನು ಲೆಕ್ಕಿಸದ ನಡುವಿನ ಜಾಗ) ಕೊಡಬೇಕು. ಶೇಕಡಾ ಎರಡು ಮೂರು ಸಾಮಾನ್ಯವಾಗಿ ಸಾಕು. ಸ್ಟಿಕ್ ಎಷ್ಟು ಅಲುಗಿದರೆ ವಿಮಾನ ಎಷ್ಟು ಸ್ಪಂದಿಸಬೇಕೆಂದು ಹೇಳುವ ಸೆನ್ಸಿಟಿವಿಟಿ ರೇಖೆಯ ವಿಷಯದಲ್ಲಿ ಮಾತ್ರ ಬಹಳಷ್ಟು ಜನ ಕೈಜಾರುತ್ತಾರೆ. ಮೇಜಿನ ಮೇಲಿನ ಗಿಡ್ಡ ಸ್ಟಿಕ್ ಸ್ವಲ್ಪ ಅಲುಗಿದರೂ ಅದರ ಒಟ್ಟು ಚಲನೆಯ ದೊಡ್ಡ ಪಾಲು ಮುಗಿದಿರುತ್ತದೆ. ಯೋಕ್‌ಗಳಲ್ಲೂ ಈ ವ್ಯತ್ಯಾಸವಿದೆ: ಲಾಜಿಟೆಕ್‌ನ ಯೋಕ್ ಒಟ್ಟು 90 ಡಿಗ್ರಿ ತಿರುಗಿದರೆ ಹನಿಕೂಂಬ್ ಆಲ್ಫಾ 180 ಡಿಗ್ರಿ ತಿರುಗುತ್ತದೆ, ಮೊದಲನೆಯದಕ್ಕೆ ರೇಖೆಯನ್ನು ನಡುವಿನಲ್ಲಿ ತುಸು ಬಗ್ಗಿಸುವುದು ನ್ಯಾಯ, ಎರಡನೆಯದಕ್ಕೆ ಬಹುಮಟ್ಟಿಗೆ ಬೇಡ. ಆದರೆ ವಿಮಾನ ಚಂಚಲವಾಗಿದೆ ಎಂದು ನಡುಭಾಗವನ್ನು ಚಪ್ಪಟೆ ಮಾಡುತ್ತ ಹೋದಷ್ಟೂ ರೇಖೆಯ ಎರಡೂ ತುದಿಗಳು ಕಡಿದಾಗುತ್ತವೆ. ರನ್‌ವೇ ಮುಟ್ಟುವ ಮುನ್ನ ವೇಗ ಕಡಿಮೆಯಾಗಿ, ಎಲಿವೇಟರ್‌ಗೆ (ಮೂತಿ ಏರಿಳಿಸುವ ಬಾಲದ ಫಲಕಕ್ಕೆ) ದೊಡ್ಡ ಚಲನೆ ಬೇಕಾಗುವ ಕ್ಷಣದಲ್ಲಿ ಕೈ ಆ ಕಡಿದಾದ ಭಾಗಕ್ಕೇ ಬಂದು ನಿಲ್ಲುತ್ತದೆ. ಮೂತಿ ತಟ್ಟನೆ ಎದ್ದು ವಿಮಾನ ಪುಟಿಯುತ್ತದೆ. ಏರ್‌ಬಸ್ ಎ320 ಹಾರಿಸುವವರಂತೂ ರೇಖೆಯನ್ನು ನೇರವಾಗಿಯೇ ಬಿಡಬೇಕು. ಆ ವಿಮಾನದ ಸೈಡ್‌ಸ್ಟಿಕ್ ಹೇಳುವುದು ರೆಕ್ಕೆಯ ಫಲಕದ ಕೋನವನ್ನಲ್ಲ, ಎಷ್ಟು ವೇಗವಾಗಿ ವಾಲಬೇಕೆಂಬುದನ್ನು. ನಯಗೊಳಿಸುವ ಕೆಲಸವನ್ನು ಅದರ ಕಂಪ್ಯೂಟರ್ ಆಗಲೇ ಮಾಡಿರುತ್ತದೆ.

ಮೂತಿ ಮೇಲೆ ಕೆಳಗೆ ಅಲೆಯುವುದಕ್ಕೆ ಸೂಕ್ಷ್ಮತೆಗಿಂತ ಟ್ರಿಮ್ (ಕೈಯ ಒತ್ತಡವಿಲ್ಲದೆ ಮೂತಿಯನ್ನು ಒಂದೇ ನಿಲುವಿನಲ್ಲಿರಿಸುವ ಹೊಂದಾಣಿಕೆ) ಹೆಚ್ಚಿನ ಕಾರಣ. ನಿಜವಾದ ಸೆಸ್ನಾದಲ್ಲಿ ಕೈ ಎಲ್ಲಿದೆಯೋ ಅಲ್ಲಿಯೇ ಇಟ್ಟು, ಕೈಯ ಮೇಲಿನ ಭಾರ ಇಳಿಯುವವರೆಗೆ ಟ್ರಿಮ್ ಚಕ್ರ ತಿರುಗಿಸುತ್ತಾರೆ. ಮನೆಯ ಸ್ಟಿಕ್‌ನಲ್ಲಿ ಸ್ಪ್ರಿಂಗ್ ಯಾವಾಗಲೂ ನಡುವಿಗೇ ಎಳೆಯುವುದರಿಂದ, ಟ್ರಿಮ್ ತಿರುಗಿಸುತ್ತ ತಿರುಗಿಸುತ್ತ ಕೈಯನ್ನು ನಿಧಾನವಾಗಿ ನಡುವಿಗೆ ಬಿಟ್ಟುಕೊಡಬೇಕಾಗುತ್ತದೆ. ಅದಕ್ಕೆ ಕೀಬೋರ್ಡಿನ ಗುಂಡಿ ಸಾಲದು. ಬೆರಳಿಗೆ ಎಟಕುವ ಒಂದು ಚಕ್ರವನ್ನೋ ಸ್ಟಿಕ್ಕಿನ ತಲೆಯ ಗುಂಡಿಯನ್ನೋ ಮೀಸಲಿಡುವುದು ಅಗತ್ಯ.

ಥ್ರಾಟಲ್ ಗೂಡಿನ ಕೆಂಪು ಹಿಡಿ, ಅಂದರೆ ಇಂಧನ ಮತ್ತು ಗಾಳಿಯ ಮಿಶ್ರಣದ ಹಿಡಿ, ಅನಗತ್ಯವೆಂದು ಲೇಖನದಲ್ಲಿ ಸೂಚಿಸಲಾಗಿದೆ. ಮಂಗಳೂರಿನಿಂದ ಹಾರುವವರಿಗೆ ಇದು ಅಷ್ಟಾಗಿ ಬಾಧಿಸದಿರಬಹುದು. ಆದರೆ ಬೆಂಗಳೂರಿನ ಜಕ್ಕೂರು ವಿಮಾನ ನೆಲೆ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಸೆಸ್ನಾ 172ರ ಕೈಪಿಡಿ, 3,000 ಅಡಿಗಿಂತ ಎತ್ತರದ ನೆಲೆಗಳಿಂದ ಏರುವ ಮುನ್ನ ಮಿಶ್ರಣವನ್ನು ತೆಳುಮಾಡಿ (ಇಂಧನದ ಪಾಲನ್ನು ತಗ್ಗಿಸಿ) ಎಂಜಿನ್ ಗರಿಷ್ಠ ಸುತ್ತು ತಲುಪುವಂತೆ ಮಾಡಲು ಹೇಳುವುದು ಸರಿಯಾಗಿ ಆ ಗಡಿಯಲ್ಲಿಯೇ. ಸ್ವಯಂಚಾಲಿತ ಮಿಶ್ರಣದ ನೆರವನ್ನು ಆರಿಸಿ, ಬೆಂಗಳೂರಿನ ಮೇಲೆ ಇನ್ನಷ್ಟು ಎತ್ತರಕ್ಕೇರುತ್ತ ಆ ಹಿಡಿಯನ್ನು ಹಿಂದಕ್ಕೆ ಎಳೆದು ನೋಡಿದವರಿಗೆ ವ್ಯತ್ಯಾಸ ಎಂಜಿನ್ ಸುತ್ತು ತೋರಿಸುವ ಟ್ಯಾಕೋಮೀಟರಿನಲ್ಲಿ ಕಾಣುತ್ತದೆ.

ಬೆಲೆ ಭರಿಸಲಾಗದವರು ತಾವೇ ಮಾಡಿಕೊಳ್ಳಬಹುದೆಂಬುದನ್ನೂ ಲೇಖನ ಹೇಳಬಹುದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದ ಬಿಡಿಭಾಗಗಳೆಲ್ಲ ಸಿಗುತ್ತವೆ. ಪುಟ್ಟ ಕಂಪ್ಯೂಟರ್ ಬೋರ್ಡುಗಳಲ್ಲಿ ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಬೋರ್ಡನ್ನೇ ಕೊಳ್ಳಬೇಕು, ಏಕೆಂದರೆ ಅವುಗಳಲ್ಲಿರುವ ಎಟಿಮೆಗಾ 32ಯು4 ಚಿಪ್ ಕಂಪ್ಯೂಟರಿನೆದುರು ನೇರವಾಗಿ ಜಾಯ್‌ಸ್ಟಿಕ್ ಎಂದು ಪರಿಚಯಿಸಿಕೊಳ್ಳಬಲ್ಲದು. ಕಾಲೇಜುಗಳಲ್ಲಿ ಎಲ್ಲೆಡೆ ಕಾಣುವ ಊನೊ ಆರ್3 ಬೋರ್ಡಿನ ಮುಖ್ಯ ಚಿಪ್ಪಿಗೆ ಆ ಸಾಮರ್ಥ್ಯವಿಲ್ಲ. ಹಿಡಿ ಎಷ್ಟು ತಿರುಗಿದೆ ಎಂಬುದನ್ನು ವಿದ್ಯುತ್ ಸಂಕೇತವಾಗಿಸುವ ಪೊಟೆನ್ಶಿಯೊಮೀಟರ್ ಕೇಳುವಾಗ ‘ಬಿ 10ಕೆ’ ಎಂದು ಬರೆದಿರುವುದನ್ನು ಕೇಳಬೇಕು. ‘ಎ’ ಎಂದಿರುವುದು ರೇಡಿಯೊದ ವಾಲ್ಯೂಮ್‌ಗೆ ಮಾಡಿದ್ದು. ಅದನ್ನು ಥ್ರಾಟಲ್‌ಗೆ ಹಾಕಿದರೆ ಅರ್ಧ ಹಾದಿಯವರೆಗೆ ಎಂಜಿನ್ ಏಳುವುದೇ ಇಲ್ಲ, ಆಮೇಲೆ ಒಮ್ಮೆಲೇ ಗರ್ಜಿಸುತ್ತದೆ. ಇನ್ನೊಂದು ಲೆಕ್ಕವೂ ಇದೆ. ಈ ಬೋರ್ಡು ಒಂದು ಅಕ್ಷವನ್ನು 1,024 ಹೆಜ್ಜೆಗಳಾಗಿ ಓದುತ್ತದೆ, ಆದರೆ ಸುಮಾರು 300 ಡಿಗ್ರಿ ತಿರುಗುವ ಪೊಟೆನ್ಶಿಯೊಮೀಟರಿನಲ್ಲಿ ನಮ್ಮ ಹಿಡಿ 90 ಡಿಗ್ರಿಯಷ್ಟೇ ಬಳಸಿದರೆ ಸಿಗುವುದು ಹೆಚ್ಚುಕಡಿಮೆ 300 ಹೆಜ್ಜೆ. ಥ್ರಾಟಲ್‌ಗೆ ಇಷ್ಟು ಧಾರಾಳ. ಎಲಿವೇಟರ್‌ಗೆ ಮಾತ್ರ ಹಲ್ಲುಚಕ್ರ ಹಾಕಿ ಚಲನೆಯನ್ನು ಹಿಗ್ಗಿಸುವುದು ಲೇಸು. ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತ ಸವೆಯುವ ಈ ಭಾಗಕ್ಕೆ ಬದಲು, ಅಯಸ್ಕಾಂತದ ಸಾಮೀಪ್ಯವನ್ನು ಮುಟ್ಟದೆಯೇ ಅಳೆಯುವ ಹಾಲ್ ಸೆನ್ಸರ್ ಹಾಕಿದರೆ ನಡುಕದ ಕಾಟವೂ ತಪ್ಪುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ನಾವು ತರಗತಿಯಲ್ಲಿ ಸೂತ್ರವಾಗಿ ಬರೆಸುತ್ತೇವೆ. ಅದೇ ಪಾಠವನ್ನು ಒಂದು ಜೊತೆ ಪೆಡಲ್ ಕಟ್ಟಿಸಿ ಕಲಿಸಬಹುದೆಂದು ಸಹೋದ್ಯೋಗಿಗಳಿಗೂ ಈ ಮೂಲಕ ಸೂಚಿಸುತ್ತೇನೆ.

ಹೀಗೆ ಹಾರಿದ ಗಂಟೆಗಳು ಪೈಲಟ್ ಲೈಸೆನ್ಸಿನ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಮಕ್ಕಳ ಪೋಷಕರಿಗೆ ಸ್ಪಷ್ಟವಾಗಿ ತಿಳಿಸಬೇಕಿತ್ತು. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಿದ ಯಂತ್ರಗಳೇ ಬೇಕು.

ಲೇಖನದ ಮುಂದಿನ ಭಾಗ ಪ್ರಕಟವಾಗಲಿದೆ ಎಂದು ಕೊನೆಯಲ್ಲಿ ಸೂಚಿಸಲಾಗಿದೆ. ಆ ಭಾಗದಲ್ಲಿ ಪ್ರತಿಯೊಂದು ಸಾಧನದ ಬೆಲೆಯ ಪಕ್ಕದಲ್ಲಿ ಅದರೊಳಗಿರುವುದು ಪೊಟೆನ್ಶಿಯೊಮೀಟರೋ ಹಾಲ್ ಸೆನ್ಸರೋ, ಎಷ್ಟು ಡಿಗ್ರಿ ತಿರುಗುತ್ತದೆ, ಮೇಜಿಗೆ ಬಿಗಿಯಲು ಕ್ಲಾಂಪ್ ಇದೆಯೇ ಎಂಬ ಮೂರು ವಿವರಗಳನ್ನಾದರೂ ಸೇರಿಸಬೇಕೆಂದು, ಈಗ ಪಟ್ಟಿಯ ಕೊನೆಯಲ್ಲಿರುವ ಪೆಡಲನ್ನು ಎರಡನೆಯ ಸ್ಥಾನಕ್ಕೆ ತರಬೇಕೆಂದು ಲೇಖಕರಲ್ಲಿಯೂ ತಮ್ಮಲ್ಲಿಯೂ ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ತುಮಕೂರು