ಕಾರ್ಡ್ ಮನೆಮಂದಿಗೆಲ್ಲ ಒಂದೇ, ಚಿಕಿತ್ಸೆ ಮಾತ್ರ ಯಾರಿಗೆ?

ಮಾನ್ಯ ಸಂಪಾದಕರೇ,

ಆಯುಷ್ಮಾನ್ ಕಾರ್ಡ್ ಇಷ್ಟು ಜನಕ್ಕೆ ಕೊಟ್ಟೆವು, ಇಷ್ಟು ಕೋಟಿ ಖರ್ಚು ಮಾಡಿದೆವು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸಂತೋಷ. ಆದರೆ ಆ ದುಡ್ಡಿನಲ್ಲಿ ಗಂಡಸರಿಗೆ ಎಷ್ಟು ಹೋಯಿತು, ಹೆಂಗಸರಿಗೆ ಎಷ್ಟು ಹೋಯಿತು ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದರ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದ ಆಯ್ತು, ಕ್ಷಮಿಸಿ.

ನಾನು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಸ್ಟೋರ್ ನಡೆಸುವವನು. ಚೀಟಿಯಲ್ಲಿ ಏನು ಬರೆದರು ಅನ್ನೋದು ಡಾಕ್ಟರಿಗೆ ಗೊತ್ತು. ಅದರಲ್ಲಿ ಎಷ್ಟು ಕೊಂಡರು ಅನ್ನೋದು ನಮಗೆ ಗೊತ್ತು. ಎಷ್ಟೋ ಹೆಣ್ಣುಮಕ್ಕಳು ಎರಡು ಚೀಟಿ ಹಿಡಿದು ಬರುತ್ತಾರೆ. ಒಂದು ಯಜಮಾನರದ್ದು, ಒಂದು ತಮ್ಮದು. ಯಜಮಾನರ ಬಿಪಿ, ಶುಗರ್ ಮಾತ್ರೆ ಪೂರ್ತಿ ತಿಂಗಳಿನದ್ದು ಬೇಕು, ಒಂದೂ ಕಮ್ಮಿ ಆಗಬಾರದು. ತಮ್ಮ ಚೀಟಿ ಬಂದಾಗ, 'ನಂದು ಐದು ದಿನದ್ದು ಸಾಕು ಅಣ್ಣಾ' ಅನ್ನುತ್ತಾರೆ. ಥೈರಾಯ್ಡ್ ಮಾತ್ರೆ ಡಬ್ಬಿಯಲ್ಲಿ ಬರುತ್ತೆ, ಬಿಡಿಯಾಗಿ ಕೊಡೋಕಾಗಲ್ಲ ಅಂದರೆ 'ಹಾಗಾದ್ರೆ ಬರೋ ತಿಂಗಳು ನೋಡೋಣ ಬಿಡಿ' ಎಂದು ಚೀಟಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಮಂಡಿನೋವಿಗೆ, ಸೊಂಟನೋವಿಗೆ ಚೀಟಿಯೂ ಇರುವುದಿಲ್ಲ. ಹೋದ ಸಲ ಕೊಟ್ಟಿದ್ದ ಮಾತ್ರೆಯೇ ಬೇಕು. ಬಿಳಿ ಸೆರಗಿನ ತೊಂದರೆ ಇರುವವರಂತೂ ನಾನು ಕೂತಿದ್ದರೆ ಬಾಯಿ ಬಿಡುವುದಿಲ್ಲ. ಸಂಜೆ ನನ್ನ ಹೆಂಡತಿ ಕೌಂಟರ್‌ಗೆ ಬಂದ ಮೇಲೆ ಬಂದು ಕೇಳುತ್ತಾರೆ.

ಇದು ನನ್ನ ಅಂಗಡಿಯ ಕತೆ ಮಾತ್ರ ಅಲ್ಲ. ದೆಹಲಿಯ ಏಮ್ಸ್ ಆಸ್ಪತ್ರೆಯ 2016ರ ಹೊರರೋಗಿಗಳ ದಾಖಲೆ ಇಟ್ಟುಕೊಂಡು ಒಂದು ಅಧ್ಯಯನ ನಡೆದಿತ್ತು. ಒಬ್ಬ ಹೆಣ್ಣುಮಗಳು ಬಂದರೆ 1.69 ಗಂಡಸರು ಬರುತ್ತಿದ್ದರು. ದೆಹಲಿಯೊಳಗಿನವರನ್ನಷ್ಟೇ ತೆಗೆದುಕೊಂಡರೆ ಈ ಲೆಕ್ಕ 1.41. ಬಿಹಾರದಿಂದ ಬಂದವರಲ್ಲಿ 2.37. ಅಂದರೆ ಆಸ್ಪತ್ರೆ ದೂರ ಆದಷ್ಟೂ ಹೆಂಗಸರು ಮನೆಯಲ್ಲೇ ಉಳಿಯುತ್ತಾರೆ. ಕಾಯಿಲೆ ಅವರಿಗೆ ಕಮ್ಮಿಯೇನಲ್ಲ. ರಕ್ತಹೀನತೆಯನ್ನೇ ನೋಡಿ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ಇದೆ, ಗಂಡಸರಲ್ಲಿ ಶೇ 25 ಮಂದಿಗೆ. ನಮ್ಮ ರಾಜ್ಯದಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆ.

'ಚಿಕಿತ್ಸೆ ಫ್ರೀ ಮಾಡಿದರೆ ಎಲ್ಲ ಸರಿಹೋಗುತ್ತೆ' ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ರಾಜಸ್ಥಾನದಲ್ಲಿ ಬಡವರಿಗೆ ಆಸ್ಪತ್ರೆ ಖರ್ಚು ಪೂರ್ತಿ ಸರ್ಕಾರವೇ ಕೊಡುವ ವಿಮೆ ತಂದರು. ಅದರಡಿ ನಡೆದ 40 ಲಕ್ಷಕ್ಕೂ ಜಾಸ್ತಿ ಆಸ್ಪತ್ರೆ ಭೇಟಿಗಳ ದಾಖಲೆಯನ್ನು ಪಾಸ್ಕಲೀನ್ ದ್ಯೂಪಾ ಮತ್ತು ರಾಧಿಕಾ ಜೈನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಕೂತು ಜಾಲಾಡಿದರು. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಹೆಣ್ಣುಮಕ್ಕಳು ಶೇ 33 ಮಾತ್ರ. ವಯಸ್ಸಾದವರಲ್ಲಿ ಹೆಂಗಸರು ಶೇ 43. ಹೆರಿಗೆ ಖರ್ಚು ಬಿಟ್ಟರೆ ಉಳಿದ ಹಣದಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಎರಡು ಪಾಲು ಗಂಡಸರಿಗೆ ಹೋಗಿತ್ತು. ದೊಡ್ಡ ಖರ್ಚಿನ ಚಿಕಿತ್ಸೆಗೆ ಬಂದರೆ ಹೆಂಗಸರ ಪಾಲು ಇನ್ನೂ ಕಮ್ಮಿ. ಅದಕ್ಕಿಂತ ನನ್ನನ್ನು ಕಾಡಿದ ಮಾತು ಬೇರೆ. ಖರ್ಚು ಇಳಿಸಿದರೂ ಅಂತರ ಇಳಿಯಲಿಲ್ಲವಂತೆ. ಸೌಲಭ್ಯ ಜಾಸ್ತಿ ಆದಾಗ ಹೆಂಗಸರು ಜಾಸ್ತಿ ಬಂದರು ನಿಜ, ಗಂಡಸರೂ ಅಷ್ಟೇ ಜಾಸ್ತಿ ಬಂದರು.

ನಮ್ಮಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಬಸ್ ಚಾರ್ಜಿಗೆ ದುಡ್ಡಿಲ್ಲ ಅನ್ನೋ ನೆಪ ಹೋಯಿತು. ಒಳ್ಳೆಯದೇ ಆಯ್ತು. ಆದರೆ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಹೊರಟವಳು ಸಂಜೆ ಕರೆಯೋ ಹೊತ್ತಿಗೆ ಮನೆ ಸೇರಲೇಬೇಕು. ಜಿಲ್ಲಾಸ್ಪತ್ರೆ ಅಂದಮೇಲೆ ಜೊತೆಗೊಬ್ಬರು ಬರಬೇಕು, ಅವರ ಕೂಲಿ ಹೋಗುತ್ತೆ. ಅದರ ಮೇಲೆ ನಮ್ಮ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಎಮರ್ಜೆನ್ಸಿ ಬಿಟ್ಟು ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ನಿಯಮ ಸುಮ್ನೆ ಮಾಡಿದ್ದಲ್ಲ, ಖಾಸಗಿಯವರು ದುಡ್ಡು ಬಾಚದಿರಲಿ ಎಂದು ಮಾಡಿದ್ದು. ಆದರೆ ಒಂದು ಪತ್ರಕ್ಕೆ ಎರಡು ಮೂರು ಓಡಾಟ. ಗಂಡನಿಗೆ ಎದೆನೋವು ಬಂದರೆ ಮಗ, ಅಳಿಯ ಎಲ್ಲರೂ ಓಡುತ್ತಾರೆ. ಅಮ್ಮನ ಗರ್ಭಕೋಶ ಜಾರಿದ್ದಕ್ಕೆ ಯಾರು ಓಡುತ್ತಾರೆ? ಅವಳು ಹೇಳಿಕೊಂಡಿರುವುದೇ ಇಲ್ಲ.

ಇನ್ನು ವಿಮೆಯ ವಿಚಾರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಬೋರ್ಡ್ ಇರುತ್ತದೆ. ಇದು ಅಡ್ಮಿಟ್ ಆದವರಿಗೆ. ದಾಖಲಾಗುವ ಮುಂಚಿನ 3 ದಿನ, ಬಿಡುಗಡೆ ಆದ ಮೇಲಿನ 15 ದಿನದ ಖರ್ಚೂ ಪ್ಯಾಕೇಜ್‌ನಲ್ಲಿ ಸೇರುತ್ತದೆ. ಅಷ್ಟೇ. ಹೆಂಗಸರನ್ನು ವರ್ಷಗಟ್ಟಲೆ ಹಿಂಡುವ ಕಾಯಿಲೆಗಳು ಯಾವುವು ಅಂತ ಒಮ್ಮೆ ಯೋಚಿಸಿ. ರಕ್ತ ಕಡಿಮೆ, ಥೈರಾಯ್ಡ್, ಮುಟ್ಟಿನ ತೊಂದರೆ, ಬಿಳಿ ಸೆರಗು, ಮೂತ್ರದ ಉರಿ, ಮಂಡಿ, ಸೊಂಟ, ತಲೆನೋವು. ಇದ್ಯಾವುದಕ್ಕೂ ಯಾರೂ ಬೆಡ್ ಕೊಡುವುದಿಲ್ಲ. ಎಲ್ಲಾ ಓಪಿಡಿ, ಲ್ಯಾಬ್, ಮಾತ್ರೆ. ಕೈಯಿಂದಲೇ ಹಾಕಬೇಕು. ಮನೆ ಖರ್ಚಿನಲ್ಲಿ ಉಳಿಸಿದ ಪುಡಿಗಾಸಿನಿಂದ.

ಇದರ ಕೊನೆ ಎಲ್ಲಿಗೆ ಹೋಗಿ ಮುಟ್ಟುತ್ತೆ ನೋಡಿ. ಬಿಳಿ ಸೆರಗಿಗೆ, ಜಾಸ್ತಿ ರಕ್ತಸ್ರಾವಕ್ಕೆ ಮಾತ್ರೆ ಕೊಡಿಸಲು ವಿಮೆಯಲ್ಲಿ ದುಡ್ಡಿಲ್ಲ. ಗರ್ಭಕೋಶವನ್ನೇ ತೆಗೆಸಿದರೆ ದುಡ್ಡಿದೆ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಬೇಕಿಲ್ಲದ ಆಪರೇಷನ್ ಮಾಡಿ ವಿಮೆ ಹಣ ಎತ್ತಿದ ದೂರು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2023ರ ಏಪ್ರಿಲ್‌ನಲ್ಲಿ ಕೋರ್ಟ್, ಇಂಥ ಆಪರೇಷನ್ ತಡೆಯಲು ಕೇಂದ್ರ ಮಾಡಿದ್ದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಎಂದಿತು. ನಮ್ಮ ಕಲಬುರಗಿ, ಹಾವೇರಿ ಜಿಲ್ಲೆಗಳ ಬಡ ಹೆಂಗಸರೂ ಇದೇ ನೋವು ಹೇಳಿಕೊಂಡು ಬೀದಿಗೆ ಬಂದವರೇ. ಸಣ್ಣ ವಯಸ್ಸಿಗೇ 'ಚೀಲ ತೆಗೆಸಿದೀನಿ' ಅನ್ನುವವರು ನನ್ನ ಅಂಗಡಿಗೂ ಬರುತ್ತಾರೆ. ಆಮೇಲೆ ಅವರಿಗೆ ಬೇಕಾಗೋದು ಕ್ಯಾಲ್ಸಿಯಂ, ನೋವಿನ ಮಾತ್ರೆ. ಅದು ಮತ್ತೆ ಅವರ ಕೈಯಿಂದ.

ಗಂಡಸರ ಪಾಡು ಸುಖ ಅಂತ ನಾನು ಹೇಳುತ್ತಿಲ್ಲ. ಬೀಡಿ, ಕುಡಿತ, ಬೈಕ್ ಆಕ್ಸಿಡೆಂಟ್ ನಮ್ಮವರನ್ನು ಬೇಗ ಕರೆದುಕೊಂಡು ಹೋಗುತ್ತವೆ. 2016-20ರ ಸರ್ಕಾರಿ ಲೆಕ್ಕದಲ್ಲಿ ದೇಶದ ಗಂಡಸರ ಸರಾಸರಿ ಆಯಸ್ಸು 68.6 ವರ್ಷ, ಹೆಂಗಸರದ್ದು 71.4. ಹಾಗಾಗಿಯೇ ಟರ್ಮ್ ಇನ್ಶೂರೆನ್ಸ್‌ನಲ್ಲಿ (ಸತ್ತರೆ ಮನೆಯವರಿಗೆ ದುಡ್ಡು ಕೊಡೋ ಜೀವವಿಮೆ) ಹೆಂಗಸರಿಗೆ ಪ್ರೀಮಿಯಂ ಕಡಿಮೆ. (ಆದರೆ ಸ್ವಂತ ಆದಾಯ ಇಲ್ಲದ ಗೃಹಿಣಿ ಪಾಲಿಸಿ ಕೇಳಿದರೆ ಎಷ್ಟೋ ಕಂಪನಿಗಳು ಮೊದಲು ಗಂಡನ ಪಾಲಿಸಿ ನೋಡುತ್ತವೆ. ಮನೆಗೆಲಸಕ್ಕೆ ಬೆಲೆ ಕಟ್ಟೋಕೆ ಅವರಿಗೂ ಬರಲಿಲ್ಲ.) ಆಯಸ್ಸು ಹತ್ತಿರ ಹತ್ತಿರ ಮೂರು ವರ್ಷ ಜಾಸ್ತಿ ಸಿಕ್ಕಿತು ಸರಿ. ಆ ವರ್ಷಗಳನ್ನು ಯಾವ ಮಂಡಿಯಲ್ಲಿ, ಯಾವ ರಕ್ತದಲ್ಲಿ, ಯಾರ ಖರ್ಚಿನಲ್ಲಿ ಕಳೆಯುತ್ತಾರೆ ಅನ್ನೋದು ನನ್ನ ಪ್ರಶ್ನೆ. ಕೊಡುವ ವಿಷಯದಲ್ಲಂತೂ ಅವರೇ ಮುಂದೆ. ಬದುಕಿರುವಾಗಲೇ ಮನೆಯವರಿಗೆ ಕಿಡ್ನಿ, ಲಿವರ್ ಕೊಡುವವರಲ್ಲಿ ಹೆಂಗಸರೇ ಜಾಸ್ತಿ. ಆದರೆ 1995ರಿಂದ 2021ರವರೆಗೆ ದೇಶದಲ್ಲಿ ಆದ 36,640 ಅಂಗಾಂಗ ಕಸಿಗಳಲ್ಲಿ ಹೆಂಗಸರಿಗೆ ಸಿಕ್ಕಿದ್ದು 6,945.

ಯೋಜನೆಯ ನಿಯಮ ಬದಲಾದರೆ ಉಪಯೋಗ ಆಗುತ್ತೆ ಅನ್ನೋದಕ್ಕೆ ಹಳೆಯ ಉದಾಹರಣೆ ಇದೆ. 2008ರಲ್ಲಿ ಶುರುವಾದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಒಂದು ಮನೆಗೆ ಐದೇ ಜನ. ಆರನೆಯವರು ಇದ್ದರೆ ಕೈಬಿಡೋದು ಯಾರನ್ನು ಅಂತ ನಾನು ಹೇಳಬೇಕಾಗಿಲ್ಲ. ಆಯುಷ್ಮಾನ್ ಭಾರತ್ ಬಂದಾಗ ಆ ಮಿತಿ ತೆಗೆದರು. ಅಜ್ಜಿಯರು, ಹೆಣ್ಣುಮಕ್ಕಳು ಹೊರಗುಳಿಯಬಾರದು ಅನ್ನೋದೇ ಅದರ ಉದ್ದೇಶ. ಓಪಿಡಿ, ಮಾತ್ರೆ ಕೊಡೋ ವಿಮೆ ಅಸಾಧ್ಯ ಅನ್ನುವವರು ಕಾರ್ಮಿಕರ ಸರ್ಕಾರಿ ವಿಮೆ ಇಎಸ್‌ಐ ನೋಡಲಿ. 21,000 ರೂಪಾಯಿ ಸಂಬಳದ ಒಳಗಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಡಿಸ್ಪೆನ್ಸರಿಯಲ್ಲಿ ಡಾಕ್ಟರ್, ಔಷಧಿ ಎರಡೂ ಇದೆ. ಕ್ಯೂ ಇದೆ, ಗೊಣಗಾಟ ಇದೆ, ಆದರೂ ಇದೆ. ಅದೇ ವಯಸ್ಸಿನ ಕೂಲಿ ಹೆಂಗಸಿಗೆ, ಮನೆಕೆಲಸದವಳಿಗೆ ಇಲ್ಲ.

ನಾನು ಕೇಳೋದು ದೊಡ್ಡದೇನಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಥೈರಾಯ್ಡ್ ಟೆಸ್ಟ್ ಮತ್ತು ಅದರ ಮಾತ್ರೆ ವರ್ಷವಿಡೀ ಸಿಗಲಿ. ವಾರಕ್ಕೊಂದು ದಿನ ಲೇಡಿ ಡಾಕ್ಟರ್ ಬರಲಿ. ಯಾವ ದಿನ ಅಂತ ಡೇರಿಯ ಬೋರ್ಡ್ ಮೇಲೆ ಬರೆಯಲಿ, ಎಲ್ಲರೂ ನೋಡೋದು ಅಲ್ಲೇ. ಇದರಿಂದ ನನ್ನ ವ್ಯಾಪಾರ ಸ್ವಲ್ಪ ಇಳಿಯಬಹುದು, ಪರವಾಗಿಲ್ಲ. ಇನ್ನೊಂದು ವಿಷಯವನ್ನು ಮೇಲೆ ಹೇಳಿದ ರಾಜಸ್ಥಾನದ ಅಧ್ಯಯನದಿಂದಲೇ ಹೇಳುತ್ತೇನೆ. ಹೆಣ್ಣುಮಕ್ಕಳು ಬಹಳ ಕಾಲ ಅಧ್ಯಕ್ಷರಾಗಿದ್ದ ಪಂಚಾಯಿತಿಗಳಲ್ಲಿ ಗಂಡು ಹೆಣ್ಣಿನ ಈ ಅಂತರ ಕಮ್ಮಿಯಾಗಿತ್ತು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೇ ಮೀಸಲು. ಊರಿನಲ್ಲಿ ಯಾರಿಗೆ ಆಪರೇಷನ್ ಬಾಕಿ ಇದೆ, ಯಾರು ರೆಫರಲ್ ಪತ್ರ ತೆಗೆದುಕೊಂಡು ಸುಮ್ಮನಾದರು ಅನ್ನೋದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತೆ. ಹೆಸರು ಸಭೆಯಲ್ಲಿ ಓದೋದು ಬೇಡ, ಮರ್ಯಾದೆ ಪ್ರಶ್ನೆ. ಸದಸ್ಯೆಯೊಬ್ಬರು ಆಶಾ ಜೊತೆ ಆ ಮನೆಗೆ ಹೋಗಿ, 'ಯಾಕೆ ಕರೆದುಕೊಂಡು ಹೋಗಿಲ್ಲ?' ಅಂತ ಗಂಡನನ್ನೋ ಮಗನನ್ನೋ ಕೇಳಿದರೆ ಆಯ್ತು. ಪಂಚಾಯಿತಿ ಸದಸ್ಯೆ ಕೇಳಿದರೆ ಜವಾಬು ಕೊಡಲೇಬೇಕಾಗುತ್ತದೆ.

ಕೊನೆಯದು, ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ಗೆ. ಪ್ರತಿ ವರ್ಷ ತಾಲ್ಲೂಕುವಾರು ಎಷ್ಟು ಹೆಂಗಸರು, ಎಷ್ಟು ಗಂಡಸರು, ಯಾವ ವಯಸ್ಸು, ಯಾವ ಕಾಯಿಲೆ, ಎಷ್ಟು ಹಣ ಎಂದು ಪ್ರಕಟಿಸಲಿ. ಹೆರಿಗೆಯನ್ನು ಬೇರೆ ತೋರಿಸಲಿ, ಇಲ್ಲದಿದ್ದರೆ ಲೆಕ್ಕ ಸಮ ಕಾಣುತ್ತದೆ. ಗರ್ಭಕೋಶ ತೆಗೆದ ಆಪರೇಷನ್‌ಗಳನ್ನು ವಯಸ್ಸಿನ ಸಮೇತ, ಆಸ್ಪತ್ರೆವಾರು ಹಾಕಲಿ. ಬಿಲ್ ಪಾಸ್ ಮಾಡುವಾಗ ಈ ವಿವರವೆಲ್ಲ ಅವರ ಕಂಪ್ಯೂಟರ್‌ಗೆ ಬಂದೇ ಬಂದಿರುತ್ತೆ. ಅವರು ತಾವಾಗಿ ಹಾಕದಿದ್ದರೆ ನಿಮ್ಮ ಜಿಲ್ಲಾ ವರದಿಗಾರರು ಒಂದು ಆರ್‌ಟಿಐ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ ನಾನೇ ಕಟ್ಟುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ಮೆಡಿಕಲ್ ಸ್ಟೋರ್ ಮಾಲೀಕ, ಅರಸೀಕೆರೆ